ಪಿಯಾನೊದಿಂದ ವಾದ್ಯವೃಂದಕ್ಕೆ

1907ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಸಂಗೀತ ರಚನಕಾರ ವಾನ್ ವಿಲಿಯಮ್ಸ್ ಎಂಬಾತನು ಪಾಠ ಹೇಳಿಸಿಕೊಳ್ಳಲು ಪ್ಯಾರಿಸ್ ನಗರಕ್ಕೆ ಹೋದನು. ಶಿಷ್ಯನಿಗೆ ಆಗ ಮೂವತ್ತೈದು ವರ್ಷ. ಗುರುವಾದ ಮೋರಿಸ್ ರವೆಲ್ಲನಿಗೆ ಮೂವತ್ತೆರಡು! ಮೊದಲ ದಿನವೇ ಗುರುವು ಮೊಟ್ಸಾರ್ಟನ ಶೈಲಿಯಲ್ಲಿ ಒಂದು ಪುಟ್ಟ ರಚನೆಯನ್ನು ಬರೆದು ತರಲು ಹೇಳಿದನು. ಅದಕ್ಕಾಗಿ ತಾನು ಇಷ್ಟು ದೂರ ಬಂದಿಲ್ಲವೆಂದು ಶಿಷ್ಯನು ನಿರಾಕರಿಸಿದನು. ಅಲ್ಲಿಂದ ಮುಂದೆ ಪಾಠವು ಬಹುಮಟ್ಟಿಗೆ ಒಂದೇ ದಾರಿಯಲ್ಲಿ ನಡೆಯಿತು. ಪಿಯಾನೊವಿಗಾಗಿ ರಚಿತವಾದ ಸಣ್ಣ ಕೃತಿಗಳನ್ನು ಶಿಷ್ಯನು ವಾದ್ಯವೃಂದಕ್ಕೆ ಹಂಚಿ ಬರೆಯುವುದು, ಗುರುವು ಅದನ್ನು ತಿದ್ದುವುದು.

ತಿದ್ದುವುದಕ್ಕೆ ಅದರಲ್ಲಿ ಏನಿದೆ, ಸ್ವರಗಳು ಅವೇ ಅಲ್ಲವೇ ಎಂದು ನೀವು ಕೇಳಬಹುದು. ಸ್ವರಗಳು ಅವೇ; ಆದರೆ ಅವು ಹುಟ್ಟುವ ಬಗೆ ಬೇರೆ. ಪಿಯಾನೊದಲ್ಲಿ ಸುತ್ತಿಗೆಯು ತಂತಿಯನ್ನು ಬಡಿದು ಹಿಂದೆ ಸರಿದ ಕ್ಷಣದಿಂದಲೇ ನಾದವು ಕ್ಷೀಣಿಸತೊಡಗುವುದು. ಪಿಟೀಲಿನ ಕಮಾನಾಗಲಿ, ಕೊಳಲೂದುವವನ ಉಸಿರಾಗಲಿ ಸ್ವರಕ್ಕೆ ಶಕ್ತಿಯನ್ನು ಎಡೆಬಿಡದೆ ಒದಗಿಸುತ್ತದೆ. ಹಿಡಿದ ಸ್ವರವನ್ನೇ ಬೆಳೆಸಬಹುದು. ಇನ್ನು ಪಿಯಾನೊದ ಬಲಗಾಲಿನ ಮೆಟ್ಟನ್ನು ಒತ್ತಿದರೆ ತಂತಿಗಳನ್ನು ಅದುಮಿರುವ ಮೆತ್ತೆಗಳೆಲ್ಲ ಮೇಲೇಳುತ್ತವೆ. ಬಾರಿಸದ ತಂತಿಗಳೂ ಅನುರಣನದಿಂದ ಮೆಲ್ಲಗೆ ನುಡಿಯುತ್ತವೆ. ವಾದ್ಯವೃಂದಕ್ಕೆ ಇಂತಹ ಮೆಟ್ಟು ಇಲ್ಲ. ಹೊಸಬನು ಕಾಗದದ ಮೇಲಿರುವ ಸ್ವರಗಳನ್ನಷ್ಟೇ ನಕಲು ಮಾಡಿದರೆ ಸಂಗೀತವು ಒಣಗಿ ನಿಲ್ಲುವುದು. ಕೊಂಬು ವಾದ್ಯಗಳೋ ಪಿಟೀಲುಗಳೋ ಕೆಲವು ಸ್ವರಗಳನ್ನು ಹಿಡಿದು ನಿಲ್ಲಿಸುವಂತೆ ಹೊಸದಾಗಿ ಬರೆದು ಸೇರಿಸಬೇಕಾಗುತ್ತದೆ.

ಎರಡನೆಯ ತಪ್ಪು ಮಂದ್ರಸ್ಥಾಯಿಯಲ್ಲಿ ಆಗುವಂಥದು. ಸೆಕೆಂಡಿಗೆ 800 ಮತ್ತು 1000 ಕಂಪನಗಳ ಎರಡು ಸ್ವರಗಳು ಕೂಡಿ ನುಡಿದರೆ ಕಿವಿಗೆ ಇಂಪು. ಅದೇ ಅಂತರವನ್ನು ಮೂರು ಸ್ಥಾಯಿ ಕೆಳಗಿಳಿಸಿ 100 ಮತ್ತು 125 ಕಂಪನಗಳಲ್ಲಿ ನುಡಿಸಿದರೆ ವ್ಯತ್ಯಾಸ ಇಪ್ಪತ್ತೈದೇ. ಕಿವಿಯು ಅವನ್ನು ಬಿಡಿಸಲಾರದೆ ಗರಗರ ಸದ್ದಾಗಿ ಗ್ರಹಿಸುವುದು. ಕೈಯಲ್ಲಿರುವ ವಾದ್ಯಗಳಿಗೆಲ್ಲ ಕೆಲಸ ಕೊಡುವ ಆಸೆಯಿಂದ ಕೆಳಗೆ ಸ್ವರಗಳನ್ನು ಒತ್ತೊತ್ತಾಗಿ ತುಂಬಿದವನ ಕೃತಿ ಕೆಸರಾಗುವುದು ಹೀಗೆ.

ಸಂಖ್ಯಾಬಲವೂ ಮೋಸಗೊಳಿಸುತ್ತದೆ. ಒಂದು ಪಿಟೀಲಿನ ಬದಲು ಹತ್ತನ್ನು ಕೂರಿಸಿದರೆ ಶಬ್ದದ ಮಟ್ಟ ಏರುವುದು ಸುಮಾರು 10 ಡೆಸಿಬೆಲ್. ಕಿವಿಗೆ ಅದು ಸುಮಾರು ಎರಡು ಪಟ್ಟು ಮಾತ್ರ. ಹತ್ತರಿಂದ ದೊರೆಯುವ ನಿಜವಾದ ಲಾಭ ಬೇರೆ: ಶ್ರುತಿಯ ಅತಿಸೂಕ್ಷ್ಮ ವ್ಯತ್ಯಾಸಗಳು ಬೆರೆತು ನಾದಕ್ಕೆ ರೇಷ್ಮೆಯ ಮೈ ಬರುತ್ತದೆ.

ಗುರುವಿನ ಸ್ವಂತ ಕೈಕೆಲಸ ಹೇಗಿತ್ತು? ರಷ್ಯದ ಮುಸ್ಸೋರ್ಗ್‌ಸ್ಕಿಯು ತನ್ನ ಗತಿಸಿದ ಮಿತ್ರ, ಕಲಾವಿದ ಹಾರ್ಟ್‌ಮನ್ನನ ಚಿತ್ರಗಳ ಪ್ರದರ್ಶನವನ್ನು ನೋಡಿ, 1874ರಲ್ಲಿ ಪಿಯಾನೊವಿಗಾಗಿ ಒಂದು ಕೃತಿಮಾಲೆಯನ್ನು ರಚಿಸಿದ್ದನು. ರವೆಲ್ ಅದನ್ನು ವಾದ್ಯವೃಂದಕ್ಕೆ ಅಳವಡಿಸಿದನು. 1922ರ ಅಕ್ಟೋಬರ್ 19ರಂದು ಪ್ಯಾರಿಸ್ಸಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಹಳೆಯ ಕೋಟೆಯ ಚಿತ್ರದಲ್ಲಿ ಬರುವ ದೀರ್ಘ ರಾಗವನ್ನು ಆತನು ಸ್ಯಾಕ್ಸೊಫೋನಿಗೆ ಕೊಟ್ಟನು. ಪಿಯಾನೊದಲ್ಲಿ ಹುಟ್ಟಿದೊಡನೆ ಸಾಯುತ್ತಿದ್ದ ಸ್ವರಗಳು ಉಸಿರಿನ ಬಲದಿಂದ ತುಂಬಿ ನಿಂತವು. ಇಂತಹ ಆಯ್ಕೆ ಲೆಕ್ಕಾಚಾರದಿಂದ ಬರುವುದಿಲ್ಲವೆಂದೇ ನನ್ನ ಎಣಿಕೆ.

ಆದರೂ ಅದೇ ಕೃತಿಯಲ್ಲಿ ಒಂದು ವಿಚಿತ್ರ ನಡೆದಿದೆ. ಎತ್ತಿನ ಬಂಡಿಯ ಚಿತ್ರವನ್ನು ಮುಸ್ಸೋರ್ಗ್‌ಸ್ಕಿ ಭಾರಿ ಅಬ್ಬರದಿಂದಲೇ ಆರಂಭಿಸಿದ್ದನು. ಬಂಡಿಯು ಕಣ್ಣೆದುರಿಗೇ ಇತ್ತು. ಆತನು 1881ರಲ್ಲಿ ತೀರಿಕೊಂಡ ಮೇಲೆ, 1886ರಲ್ಲಿ ಕೃತಿಯನ್ನು ಅಚ್ಚಿಗೆ ಸಿದ್ಧಗೊಳಿಸಿದ ಗೆಳೆಯ ರಿಮ್‌ಸ್ಕಿ-ಕೊರ್ಸಕೋವನು ಅದನ್ನು ತಿದ್ದಿ, ಮೆಲುದನಿಯಿಂದ ಹೊರಟು ಕ್ರಮೇಣ ಏರುವಂತೆ ಮಾಡಿದನು. ಮೂಲದ ಕರ್ತೃವನ್ನು ಕೇಳುವಂತಿರಲಿಲ್ಲ. ರವೆಲ್ಲನ ಮುಂದಿದ್ದುದು ಈ ಅಚ್ಚಿನ ಪ್ರತಿ. ಆದುದರಿಂದ ಆತನ ವಾದ್ಯವೃಂದದಲ್ಲಿ ಬಂಡಿಯು ದೂರದಿಂದ ಬರುತ್ತದೆ. ಟ್ಯೂಬಾ ಎಂಬ ಹಿತ್ತಾಳೆಯ ವಾದ್ಯವು ತನಗೆ ಕಷ್ಟವಾದ ಎತ್ತರದಲ್ಲಿ, ಮೆಲ್ಲನೆ, ಒಂಟಿಯಾಗಿ ಅದನ್ನು ಎಳೆದು ತರುತ್ತದೆ.