ಮಿಲಿಮೀಟರಿನಲ್ಲಿ ಬರೆದ ವಿಮೆ

ಒಂದು ಹೆಕ್ಟೇರ್ ಅಡಿಕೆ ತೋಟಕ್ಕೆ 1,28,000 ರೂಪಾಯಿ ವಿಮೆ. ಬೆಳೆಗಾರ ಕಟ್ಟುವ ಕಂತು ಶೇ 5, ಅಂದರೆ 6,400 ರೂಪಾಯಿ. ಗುಂಟೆಗೆ ಅರವತ್ತೈದರ ಆಸುಪಾಸು. ಈಚಿನ ವರ್ಷಗಳಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಮಲೆನಾಡಿನ ಸೊಸೈಟಿಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಅಂಕಿಗಳಿವು. ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತವರನ್ನು ಕಂತು ಎಷ್ಟೆಂದು ಕೇಳಿ, ತಟ್ಟನೆ ಹೇಳುತ್ತಾರೆ. ಎಷ್ಟು ಮಳೆ ಹೊಯ್ದರೆ ಪರಿಹಾರ ಸಿಗುತ್ತದೆ ಎಂದು ಕೇಳಿ. ಪಕ್ಕದವರ ಮುಖ ನೋಡುತ್ತಾರೆ.

ಶಿರಸಿ ಸೀಮೆಯಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾಗಿ ಈಗ ತೋಟ ನೋಡಿಕೊಳ್ಳುತ್ತಿರುವ ನನ್ನನ್ನು ಈ ಮೌನ ಬಹಳ ಕಾಡುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಬಂದು ಉದುರಿದ ಕಾಯಿ ನೋಡುವವರು ಯಾರೂ ಇಲ್ಲ. ಮಳೆ ಎಷ್ಟಾಯಿತು, ಎಷ್ಟು ದಿನ ಬಿಡದೆ ಹೊಯ್ದಿತು ಎಂಬಂಥ ಅಳತೆಗಳ ಮೇಲೆ ಹಣ ನಿರ್ಧಾರವಾಗುತ್ತದೆ. ಅಳೆಯುವುದು ಆಯಾ ಪಂಚಾಯಿತಿಗೆ ಗೊತ್ತುಮಾಡಿದ ಮಳೆಮಾಪಕ. ರೈತನ ಕಂತು ಕಳೆದು ಉಳಿದ ಪ್ರೀಮಿಯಂ ತುಂಬುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು, ಅಂದರೆ ಎಲ್ಲರ ತೆರಿಗೆ ಹಣ. ಸುಸ್ಥಿರ ಹಣಕಾಸು ಎಂದರೆ ಮುಂಬೈನ ಹಸಿರು ಬಾಂಡುಗಳ ಮಾತು ಎಂದುಕೊಳ್ಳುತ್ತೇವೆ. ಬದಲಾಗುತ್ತಿರುವ ಮಳೆಯ ಎದುರು ರೈತನನ್ನು ನಿಲ್ಲಿಸುವ ಈ ದುಡ್ಡೂ ಅದೇ ಜಾತಿಯದು.

ಇದರ ಬೇರು ನಮ್ಮಲ್ಲೇ ಇದೆ. ಮೈಸೂರು ಸಂಸ್ಥಾನದ ಹಣಕಾಸು ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ 1920ರಲ್ಲಿ ಕೃಷಿ ವಿಮೆಯ ಕುರಿತು ಒಂದು ಪುಸ್ತಕ ಬರೆದರು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಈ ದೇಶದಲ್ಲಿ ಆಗದ ಕೆಲಸ. ಒಂದು ಪ್ರದೇಶವನ್ನೇ ಘಟಕವಾಗಿ ಹಿಡಿದು, ಮಳೆಯ ಲೆಕ್ಕದ ಮೇಲೆ ಬರಕ್ಕೆ ವಿಮೆ ಕೊಡೋಣ ಎಂಬುದು ಅವರ ಯೋಚನೆ. ಅದು ಆಗ ಕೈಗೂಡಲಿಲ್ಲ. 2003ರಲ್ಲಿ ಮೆಹಬೂಬ್‌ನಗರದ ಶೇಂಗಾ, ಹರಳು ಬೆಳೆಗಾರರಿಗೆ ಮಳೆ ವಿಮೆಯ ಸಣ್ಣ ಪ್ರಯೋಗವೊಂದು ನಡೆಯಿತು. 2007ರ ಮುಂಗಾರಿನಲ್ಲಿ ಸರ್ಕಾರ ಹವಾಮಾನ ವಿಮೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿದ್ದು ಕರ್ನಾಟಕದಲ್ಲಿ.

ಚಕ್ರವರ್ತಿಯವರ ಕಾಲದಲ್ಲೇ ಅದೇ ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಇದ್ದರು. 1908ರಲ್ಲಿ ಮೈಸೂರಿಗೆ ಬಂದು, 1910ರಲ್ಲಿ ಅಡಿಕೆಯ ಕೊಳೆ ರೋಗದ ಅಧ್ಯಯನ ಪ್ರಕಟಿಸಿದವರು. ಶಿಲೀಂಧ್ರದಂಥ ಸೂಕ್ಷ್ಮಜೀವಿಯೊಂದು ಇದಕ್ಕೆ ಕಾರಣವೆಂದು ತೋರಿಸಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ನಮ್ಮ ಗೊನೆಗಳಿಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇವತ್ತಿಗೂ ನಾವು ಹೊಡೆಯುವ ಮದ್ದು ಅದೇ. ಹಣದ ಲೆಕ್ಕ ಬಲ್ಲವರು, ರೋಗ ಬಲ್ಲವರು ಇಬ್ಬರೂ ಒಂದೇ ಸರ್ಕಾರದಲ್ಲಿದ್ದರು. ಇವರ ವಿದ್ಯೆಗಳನ್ನು ಒಂದೇ ಕಾಗದದ ಮೇಲೆ ತರುವುದೇ ಇಂದಿನ ವಿಮೆಯ ಕಷ್ಟದ ಕೆಲಸ ಎಂದು ನನಗನ್ನಿಸುತ್ತದೆ.

ಏಕೆಂದರೆ ಕೊಳೆಗೆ ಬರಿಯ ಮಳೆ ಸಾಲದು. ಬಿಡದೆ ಸುರಿಯುವ ಮಳೆ, 20ರಿಂದ 23 ಡಿಗ್ರಿಯ ತಂಪು, ಗಾಳಿಯಲ್ಲಿ ತುಂಬಿದ ತೇವ, ನಡುನಡುವೆ ಇಣುಕುವ ಬಿಸಿಲು ಎಲ್ಲ ಕೂಡಿದರೆ ಅದಕ್ಕೆ ಹಬ್ಬ. ಒಂದೇ ದಿನ ಇನ್ನೂರು ಮಿಲಿಮೀಟರ್ ಸುರಿದು ಬಿಟ್ಟ ಮಳೆಗಿಂತ, ಮೂವತ್ತು ನಲವತ್ತರಂತೆ ವಾರಗಟ್ಟಲೆ ಜಿನುಗಿದ್ದು ಹೆಚ್ಚು ಕಾಯಿ ಉದುರಿಸಬಹುದು. ಒಟ್ಟು ಮಳೆಯನ್ನಷ್ಟೇ ನೋಡುವ ಷರತ್ತು ಬರೆದರೆ ರೋಗವಿಲ್ಲದವನಿಗೆ ಹಣ, ತೋಟ ಕೊಳೆತವನಿಗೆ ಬರಿಗೈ. ಷರತ್ತು ಬರೆಯುವ ಮೇಜಿನ ಮೇಲೆ ವಿಟ್ಲದಂಥ ಅಡಿಕೆ ಸಂಶೋಧನಾ ಕೇಂದ್ರಗಳ ತಿಳಿವಳಿಕೆ ಇರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಅಳೆಯುವ ಯಂತ್ರ. ಮೇಲೊಂದು ಆಲಿಕೆ. ಅದರ ಕೆಳಗೆ ಮಕ್ಕಳ ಏರುಪೇರು ಹಲಗೆಯಂತೆ ತೂಗುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದಾಗ ವಾಲಿ ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿ ವಾಲಿಕೆಯೂ ಒಂದು ಎಣಿಕೆ. 1988ರಲ್ಲಿ ಬರ ನಿಗಾ ಕೋಶವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂಥ ಮಾಪಕಗಳನ್ನು ಪಂಚಾಯಿತಿ ಮಟ್ಟಕ್ಕೆ ತಂದಿದೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರು ಸೇರುತ್ತದೆ. ದೊಡ್ಡ ಸಾಧನೆಯೇ. ಆದರೆ ಆಲಿಕೆಯಲ್ಲಿ ಒಂದು ತರಗೆಲೆ ಕೂತರೆ? ನೀರು ಇಳಿಯುವುದಿಲ್ಲ, ಆ ದಿನದ ಮಳೆ ಸೊನ್ನೆ. ಹತ್ತು ದಿನ ಬಿಡದೆ ಹೊಯ್ದ ಆಶ್ಲೇಷ ಮಳೆ ಕಾಗದದ ಮೇಲೆ ಎರಡು ತುಂಡಾಗುತ್ತದೆ. ‘ಸತತ ಮಳೆ’ ಎಂಬ ಷರತ್ತು ಅಲ್ಲಿಗೆ ಮುರಿಯಿತು. ಪಕ್ಕದ ಮರದ ನೆರಳು, ಜೇಡರ ಬಲೆ ಇಂಥವೂ ಲೆಕ್ಕ ಕೆಡಿಸುತ್ತವೆ. ಮಾಪಕ ಕೆಟ್ಟರೆ ಹತ್ತಿರದ ಇನ್ನೊಂದು ಕೇಂದ್ರದ ಅಂಕಿ ಹಿಡಿಯುವ ಪದ್ಧತಿಯಿದೆ. ನಮ್ಮ ತಾಲ್ಲೂಕಿನಲ್ಲಿ ಘಟ್ಟದ ಅಂಚಿನ ಮಳೆಗೂ ಬನವಾಸಿ ಕಡೆಯ ಮಳೆಗೂ ಅಜಗಜಾಂತರ. ‘ಹತ್ತಿರ’ವನ್ನು ಇಲ್ಲಿ ಕಿಲೋಮೀಟರಿನಲ್ಲಿ ಅಳೆದರೆ ನ್ಯಾಯವಾಗದು.

“ಮಾಸ್ತರ್ರೇ, ನಮ್ಮ ಕೇರಿಗೆ ಹೊಯ್ದ ಮಳೆ ಆ ಡಬ್ಬಿಗೆ ಹೊಯ್ದಿಲ್ಲ ಅಂದ್ರೆ ನಾ ಎಂತ ಮಾಡ್ಲಿ?” ಎಂದು ನೆರೆಯ ಬೆಳೆಗಾರರೊಬ್ಬರು ಕೇಳಿದ್ದರು. ನನ್ನ ಉತ್ತರ: ನೀವೂ ಅಳೆಯಿರಿ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಇಂಚು, ಸೆಂಟಿನ ಲೆಕ್ಕದಲ್ಲಿ ದಿನದ ಮಳೆ ಬರೆದಿಡುವ ರೂಢಿ ಮೊದಲಿನಿಂದಲೂ ಇದೆ. ಅಡಿಕೆಯವರೂ ಕಲಿಯಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದೇ ಒಂದು ಮಿಲಿಮೀಟರ್. ನೇರ ಗೋಡೆಯ, ಚಪ್ಪಟೆ ತಳದ ಡಬ್ಬಿಯನ್ನು ಬಯಲಲ್ಲಿ ಮಟ್ಟಸವಾಗಿಟ್ಟು, ಒಳಗಿನ ನೀರಿನ ಎತ್ತರವನ್ನು ಸ್ಕೇಲಿನಿಂದ ನೋಡಿದರೂ ಆಯಿತು. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ನಾವೂ ಅದೇ ಹೊತ್ತಿಗೆ ಅಳೆಯಬೇಕು. ಮನೆಯ ಡಬ್ಬಿಯ ಅಂಕಿಗೆ ವಿಮಾ ಕಂಪನಿ ಹಣ ಕೊಡುವುದಿಲ್ಲ, ನಿಜ. ಆದರೆ ಒಂದು ಪಂಚಾಯಿತಿಯ ಇಪ್ಪತ್ತು ಮನೆಗಳ ಪಟ್ಟಿ ಒಂದೇ ಮಾತು ಹೇಳಿ, ಸರ್ಕಾರಿ ಮಾಪಕ ಮಾತ್ರ ಸೊನ್ನೆ ತೋರಿಸಿದರೆ, ಮಾಪಕ ಪರೀಕ್ಷಿಸಿ ಎಂದು ಅದೇ ವಾರ ಕೇಳಲು ಆಧಾರ ಸಿಗುತ್ತದೆ. ಪರಿಹಾರ ಬರಲಿಲ್ಲವೆಂದು ಮರುವರ್ಷ ಅರ್ಜಿ ಹಿಡಿದು ಅಲೆಯುವುದಕ್ಕಿಂತ ಇದು ಎಷ್ಟೋ ಮೇಲು.

ನಮ್ಮೂರ ಹೈಸ್ಕೂಲಿನ ಮಕ್ಕಳಿಗೆ ನಾನೀಗ ಇದನ್ನೇ ಹೇಳಿಕೊಡುತ್ತಿದ್ದೇನೆ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ, ತೋಟಗಾರಿಕೆ ಕಾಲೇಜಿದೆ; ಅಲ್ಲಿನ ವಿದ್ಯಾರ್ಥಿಗಳು ಮಳೆಗಾಲಕ್ಕೆ ಮುಂಚೆ ಪಂಚಾಯಿತಿ ಮಾಪಕಗಳ ಸುತ್ತಲಿನ ಗಿಡಗಂಟಿ, ಆಲಿಕೆ ನೋಡಿ ವರದಿ ಕೊಡುವಂತಾಗಬೇಕು. ಸೊಸೈಟಿಯವರಲ್ಲೂ ಒಂದು ಬೇಡಿಕೆ ಇಟ್ಟಿದ್ದೇನೆ: ಕಂತು ಕಟ್ಟುವ ಕೊನೇ ದಿನಕ್ಕೆ ಸಾಕಷ್ಟು ಮುಂಚೆಯೇ, ನಮ್ಮ ಪಂಚಾಯಿತಿಯ ಷರತ್ತುಗಳ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಮಿಲಿಮೀಟರ್, ಎಷ್ಟು ದಿನ, ಹೆಕ್ಟೇರಿಗೆ ಎಷ್ಟು ರೂಪಾಯಿ, ಮಾಪಕ ಕೆಟ್ಟರೆ ಯಾವ ಕೇಂದ್ರದ ಅಂಕಿ. ಅದರ ಪಕ್ಕದಲ್ಲೇ ಹುಡುಗರು ಪ್ರತಿ ತಿಂಗಳು ತಮ್ಮ ಡಬ್ಬಿಯ ಲೆಕ್ಕವನ್ನೂ ಸರ್ಕಾರಿ ಮಾಪಕದ ಲೆಕ್ಕವನ್ನೂ ಜೋಡಿಯಾಗಿ ಬರೆಯಲಿದ್ದಾರೆ.