ಅಲ್ಲಾಡುವ ದವಡೆ, ಬಿಗಿಯಾದ ಹಿಡಿತ: ಪೈಪ್ ರೆಂಚಿನ ಕಥೆ



ಇವತ್ತಿನ ಸಂಚಿಕೆ ಹುಟ್ಟಿದ್ದು ನಮ್ಮ ಮನೆಯ ಬಾಯ್ಲರ್ ಪಕ್ಕದಲ್ಲಿ. ಇಲ್ಲಿ ಇಂಗ್ಲೆಂಡಿನಲ್ಲಿ ಸರಿಯಾಗಿ ಚಳಿಗಾಲದಲ್ಲೇ ರೇಡಿಯೇಟರ್ ಕೈ ಕೊಡೋದು ಮಾಮೂಲಿ. ರಿಪೇರಿಗೆ ಬಂದ ಪ್ಲಂಬರ್ ತಮ್ಮ ಜೊತೆಗಿದ್ದ ಹುಡುಗನಿಗೆ "ಆ ಸ್ಟಿಲ್ಸನ್ ಕೊಡು" ಅಂದ್ರು. ಅವನು ಕೊಟ್ಟಿದ್ದು ನಮ್ಮೂರಲ್ಲಿ ಪೈಪ್ ರೆಂಚ್ ಅಂತೀವಲ್ಲ, ಅದನ್ನೇ. ಅದರ ಮೇಲಿನ ದವಡೆ ಲೊಡಲೊಡ ಅಲ್ಲಾಡ್ತಿತ್ತು. "ಹಳೇದಾಗಿ ಸವೆದಿದೆ ಅಲ್ವಾ?" ಅಂತ ಕೇಳಿದೆ. ಅವರು ನಕ್ಕುಬಿಟ್ರು. "ಹೊಸದೇ. ಅಲ್ಲಾಡದಿದ್ರೆ ಇದು ಕೆಲಸಾನೇ ಮಾಡಲ್ಲ" ಅಂದ್ರು.

ಹಾಗಾದ್ರೆ ಆ ಅಲ್ಲಾಟದಲ್ಲಿ ಏನಿದೆ? ಸ್ಟಿಲ್ಸನ್ ಅಂದ್ರೆ ಯಾರು?

ಮೊದಲು ಸಮಸ್ಯೆ ಏನು ಅಂತ ನೋಡೋಣ. ನಟ್ಟಿಗೆ ಚಪ್ಪಟೆ ಬದಿಗಳಿರುತ್ತವೆ, ಸ್ಪ್ಯಾನರ್ ಅವನ್ನು ಹಿಡಿದು ತಿರುಗಿಸುತ್ತೆ. 1841ರಲ್ಲಿ ಅಮೆರಿಕದ ಲೋರಿಂಗ್ ಕೋಸ್ ಪೇಟೆಂಟ್ ಪಡೆದ ತಿರುಪಿನ ರೆಂಚ್ ಕೂಡ ನಟ್ಟಿಗೆ ಚೆನ್ನಾಗಿಯೇ ಒದಗುತ್ತಿತ್ತು. ಆದರೆ ಪೈಪ್ ದುಂಡಗಿದೆ. ನುಣುಪಾದ ದವಡೆ ಅದರ ಮೇಲೆ ಜಾರುತ್ತೆ. ಜಾರಬಾರದು ಅಂತ ಮೊದಲೇ ಅದುಮಿಟ್ಟರೆ ಪೈಪ್ ಜಜ್ಜಿಹೋಗುತ್ತೆ.

ಅದೇ 1840ರ ದಶಕದಲ್ಲಿ ಬಾಸ್ಟನ್ ಕಡೆ ಜೇಮ್ಸ್ ವಾಲ್ವರ್ತ್ ಮತ್ತು ಜೋಸೆಫ್ ನೇಸನ್ ಸೇರಿ, ಸಣ್ಣ ಕಬ್ಬಿಣದ ಪೈಪುಗಳಲ್ಲಿ ಹಬೆ ಹರಿಸಿ ಕಟ್ಟಡಗಳನ್ನು ಬೆಚ್ಚಗಿಡುವ ಉದ್ಯಮ ಬೆಳೆಸಿದರು. ಪೈಪಿಗೆ ಪೈಪ್ ತಿರುಪಿ ಕೂಡಿಸೋದೇ ಕೆಲಸ. ಅದಕ್ಕಿದ್ದದ್ದು ಕಮ್ಮಾರರ ಇಕ್ಕಳದಂಥ ಭಾರದ ಸಾಧನ, ಅದೂ ಒಂದೊಂದು ಅಳತೆಯ ಪೈಪಿಗೆ ಒಂದೊಂದು.

ವಾಲ್ವರ್ತ್ ಕಂಪನಿಯಲ್ಲಿ ಡೇನಿಯಲ್ ಸ್ಟಿಲ್ಸನ್ ಅನ್ನೋ ಮೆಕ್ಯಾನಿಕ್ ಇದ್ದರು. ಅವರು ಮರದಲ್ಲಿ ಒಂದು ಮಾದರಿ ಕೆತ್ತಿ ತೋರಿಸಿದರಂತೆ. ಧಣಿ ಹೇಳಿದ್ದು ಇಷ್ಟೇ ಅಂತಾರೆ: ಕಬ್ಬಿಣದಲ್ಲಿ ಮಾಡಿ ತಿರುಗಿಸಿ ನೋಡು, ಒಂದೋ ಪೈಪ್ ಮುರೀಬೇಕು, ಇಲ್ಲ ರೆಂಚ್ ಮುರೀಬೇಕು. ಮುರಿದದ್ದು ಪೈಪ್.

ಈಗ ಅಲ್ಲಾಟದ ವಿಷಯಕ್ಕೆ ಬರೋಣ. ಈ ರೆಂಚಿಗೆ ಎರಡು ದವಡೆ. ಕೆಳಗಿನದು ಹಿಡಿಯ ತುದಿಯಲ್ಲಿ ಗಟ್ಟಿಯಾಗಿ ಕೂತಿದೆ. ಮೇಲಿನದು ಕೊಕ್ಕೆಯ ಹಾಗಿದ್ದು, ಅದರ ಕಾಲು ಒಂದು ಚೌಕಟ್ಟಿನೊಳಗೆ ಸಡಿಲವಾಗಿ ತೂರಿಕೊಂಡಿರುತ್ತೆ. ನಟ್ ತಿರುಗಿಸಿ ಬಾಯಿಯನ್ನು ಪೈಪಿನ ಅಳತೆಗೆ ತರುತ್ತೀವಿ. ಎರಡೂ ದವಡೆಗಳಿಗೆ ಹಲ್ಲುಗಳಿವೆ.

ಹಿಡಿ ಎಳೆದ ತಕ್ಷಣ ಮೇಲಿನ ಹಲ್ಲುಗಳು ಪೈಪನ್ನು ಕಚ್ಚಿಕೊಂಡು ನಿಲ್ಲುತ್ತವೆ. ಹಿಡಿ ಮಾತ್ರ ಇನ್ನೊಂಚೂರು ಮುಂದೆ ಬರುತ್ತೆ. ನಡುವೆ ಸಡಿಲ ಇರೋದ್ರಿಂದ ಮೇಲಿನ ದವಡೆ ವಾಲುತ್ತೆ, ಎರಡೂ ದವಡೆಗಳು ಹತ್ತಿರವಾಗಿ ಪೈಪನ್ನು ಅದುಮುತ್ತವೆ. ಇನ್ನೂ ಎಳೆದ್ರೆ ಇನ್ನೂ ಅದುಮುತ್ತವೆ. ನಮ್ಮ ಜೀರುಗುಣಿಕೆ ಇದೆಯಲ್ಲ, ಹಗ್ಗ ಎಳೆದಷ್ಟೂ ಬಿಗಿಯಾಗೋದು, ಹಾಗೇ. ತಿರುಗಿಸೋ ಬಲವೇ ಹಿಡಿತದ ಬಲವೂ ಆಗುತ್ತೆ. ಹಿಡಿಯನ್ನು ಹಿಂದಕ್ಕೆ ತಂದ್ರೆ ಹಿಡಿತ ತಾನೇ ಬಿಡುತ್ತೆ.

ಒಂದು ಸಣ್ಣ ಲೆಕ್ಕ. ಪೈಪಿನ ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿಯನ್ನು 20 ಕೆ.ಜಿ. ತೂಕದಷ್ಟು ಬಲದಿಂದ ಎಳೆದಿರಿ ಅನ್ನಿ. ಒಂದಿಂಚಿನ ಪೈಪಿನ ಹೊರ ಅಗಲ ಸುಮಾರು 33 ಮಿಲಿಮೀಟರ್, ನಡುವಿನಿಂದ ಮೈವರೆಗೆ ಹದಿನಾರೂವರೆ. ಸನ್ನೆಯ ಲೆಕ್ಕದಲ್ಲಿ ಪೈಪಿನ ಮೈಮೇಲೆ ಬೀಳೋದು ಸುಮಾರು 360 ಕೆ.ಜಿ.ಯಷ್ಟು ಬಲ. ಇಷ್ಟಕ್ಕೂ ಜಾರದೆ ಹಿಡಿಯೋಕೆ ಯಾರ ಮುಷ್ಟಿಯಿಂದಾಗುತ್ತೆ? ಆ ಕೆಲಸವನ್ನು ಸ್ಟಿಲ್ಸನ್ ಸಡಿಲ ದವಡೆಗೆ ಒಪ್ಪಿಸಿದರು.

ಇದರಿಂದ ನಮಗೆ ಉಪಯೋಗಕ್ಕೆ ಬರೋ ಮೂರು ಮಾತು. ಒಂದು, ರೆಂಚಿನ ಬಾಯಿ ತೆರೆದಿರೋ ಕಡೆಗೇ ಹಿಡಿ ಎಳೀಬೇಕು. ಎರಡು, ಪೈಪನ್ನು ಬಾಯಿಯ ಒಳಗೋಡೆಗೆ ಒತ್ತಬೇಡಿ. ದವಡೆ ವಾಲೋಕೆ ಜಾಗ ಬೇಕು. ಮೂರು, ಹೊಳೆಯೋ ನಲ್ಲಿಗೆ ಇದನ್ನ ಹಾಕಬೇಡಿ, ಹಲ್ಲಿನ ಗುರುತು ಅಳಿಸೋಕಾಗಲ್ಲ. ಮತ್ತೆ ನಮ್ಮ ಕಡೆ ಹಿಡಿಗೆ ಇನ್ನೊಂದು ಪೈಪ್ ಸಿಕ್ಕಿಸಿ ಉದ್ದ ಮಾಡ್ತಾರಲ್ಲ, ಅದು ಅಪಾಯ. ರೆಂಚ್ ಮುರಿದ್ರೆ ಎಳೀತಿರೋರೇ ಬೀಳ್ತಾರೆ.

ಸ್ಟಿಲ್ಸನ್‌ಗೆ 1869ರ ಅಕ್ಟೋಬರ್ 12ರಂದು ಪೇಟೆಂಟ್ ಸಿಕ್ಕಿತು, ಸಂಖ್ಯೆ 95,744. ಕೆಲಸಗಾರನ ಯೋಚನೆ ಧಣಿಯ ಹೆಸರಿಗೆ ಹೋಗೋದನ್ನ ನಾವು ಬೇಕಾದಷ್ಟು ಕೇಳಿದ್ದೀವಿ. ಇಲ್ಲಿ ಹಾಗಾಗಲಿಲ್ಲ. ಕಂಪನಿ ರೆಂಚ್ ತಯಾರಿಸಿತು, ಹಕ್ಕು ಮಾತ್ರ ಅವರ ಹೆಸರಲ್ಲೇ ಇತ್ತು. ಜೀವಮಾನದಲ್ಲಿ ಸುಮಾರು 80,000 ಡಾಲರ್ ರಾಯಲ್ಟಿ ಬಂತು ಅಂತಾರೆ. ಅವರು 1899ರಲ್ಲಿ ತೀರಿಕೊಂಡರು.

ಊರಲ್ಲಿ ಬೋರ್‌ವೆಲ್ ಮೋಟಾರ್ ಮೇಲೆತ್ತೋದನ್ನ ನೋಡಿದ್ರೆ ನೆನಪಿರುತ್ತೆ: ಒಂದು ರೆಂಚ್ ಕೆಳಗಿನ ಪೈಪನ್ನು ಹಿಡಿದಿರುತ್ತೆ, ಇನ್ನೊಂದು ಮೇಲಿನದನ್ನು ತಿರುಪುತ್ತೆ. ಮುಂದಿನ ಸಲ ಆ ಲೊಡಲೊಡ ಸದ್ದು ಕೇಳಿದಾಗ ಸವೆದಿದೆ ಅಂದ್ಕೋಬೇಡಿ. ನಿಮ್ಮೂರಲ್ಲಿ ಈ ರೆಂಚಿಗೆ ಬೇರೆ ಹೆಸರಿದ್ರೆ ನಮಗೆ ಬರೆದು ತಿಳಿಸಿ.