ಹಿಂದಿನ ಸೀಟಿನ ಗೆಳೆಯ

ಕಾಲೇಜು ಬಿಡುವ ಹೊತ್ತಿಗೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದ ಮೂವರು ಹುಡುಗರು ಒಂದೇ ಬೈಕಿನಲ್ಲಿ ನುಗ್ಗಿದರೆ, ನೋಡಿದವರು ‘ಬುದ್ಧಿ ಇಲ್ಲ’ ಎಂದು ಬೈಯುತ್ತಾರೆ. ಮನೋವಿಜ್ಞಾನ ಇದನ್ನು ಪೂರ್ತಿ ಒಪ್ಪುವುದಿಲ್ಲ. ಒಬ್ಬನೇ ಕೂತು ಸಾವಧಾನವಾಗಿ ಯೋಚಿಸುವಾಗ ಹದಿನಾರರ ಹುಡುಗ ಅಪಾಯವನ್ನು ಹೆಚ್ಚುಕಡಿಮೆ ದೊಡ್ಡವರಂತೆಯೇ ಅಳೆಯಬಲ್ಲ. ಲೆಕ್ಕ ತಪ್ಪುವುದು ಗೆಳೆಯರು ಜೊತೆಗಿದ್ದಾಗ.

ಅಮೆರಿಕದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ 306 ಜನರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ವಯಸ್ಸಿನವರು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಸಾಹಸಕ್ಕಿಳಿದರು. 24 ದಾಟಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. 2011ರ ಮಿದುಳು ಸ್ಕ್ಯಾನ್ ಅಧ್ಯಯನ ಕಾರಣದ ಸುಳಿವು ಕೊಟ್ಟಿತು: ಗೆಳೆಯರು ನೋಡುತ್ತಿದ್ದಾರೆಂದು ಗೊತ್ತಾದರೆ ಸಾಕು, ಹದಿಹರೆಯದವರ ಮಿದುಳಿನಲ್ಲಿ ಖುಷಿಯನ್ನು ಅರಸುವ ಭಾಗ ಚುರುಕಾಗುತ್ತದೆ. ಅದಕ್ಕೆ ಲಗಾಮು ಹಾಕಬೇಕಾದ ಹಣೆಯ ಹಿಂದಿನ ಭಾಗವಾದರೋ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ.

ಇದಕ್ಕೆ ಮದ್ಯ ಸೇರಿದರೆ ಆ ಲಗಾಮೂ ಸಡಿಲ. ಎಳೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ಬೆಳೆದ ಇಲಿಗಳಿಗೆ ಹೋಲಿಸಿದರೆ ಅವಕ್ಕೆ ಮದ್ಯದಿಂದ ಬರುವ ಮಂಪರು, ತೂರಾಟ ಕಡಿಮೆ. ‘ಸಾಕು’ ಎನ್ನುವ ಸೂಚನೆ ತಡವಾದಷ್ಟೂ ಕುಡಿತ ಹೆಚ್ಚುತ್ತದೆ. ಕುಡಿದ ಅಮಲಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ತಡವಾದರೆ ಬೈಕ್ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಕುಣಿಗಲ್ ಬಳಿಯ ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಎದುರಿಗೆ ಲಾರಿ ನಿಂತಿದ್ದರೆ ಅಷ್ಟು ದೂರವೇ ಪ್ರಾಣದ ಬೆಲೆ.

ಹಾಗಾದರೆ ಬರೀ ಬುದ್ಧಿವಾದದಿಂದ ಹೆಚ್ಚು ಪ್ರಯೋಜನವಿಲ್ಲ. ಗೊತ್ತಿರುವುದನ್ನೇ ಮತ್ತೆ ಹೇಳಿದಂತಾಗುತ್ತದೆ. ಅಪಾಯದ ಅವಕಾಶವನ್ನೇ ಕಡಿಮೆ ಮಾಡಬೇಕು. ನ್ಯೂಜಿಲೆಂಡ್ 1987ರಲ್ಲೇ ಹೊಸ ಚಾಲಕರಿಗೆ ರಾತ್ರಿ ಚಾಲನೆ ಮತ್ತು ಜೊತೆಗಾರರ ಮೇಲೆ ಮಿತಿ ಹಾಕಿತು. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಕ್ಕಳಿಗೆ ಮದ್ಯ, ತಂಬಾಕು ಕೊಡುವುದು 2015ರ ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಹೆಲ್ಮೆಟ್ ಧರಿಸಿದರೆ ಅಪಘಾತದಲ್ಲಿ ಸಾಯುವ ಸಂಭವ ಸುಮಾರು ಶೇ. 42, ತಲೆಗೆ ಪೆಟ್ಟಾಗುವ ಸಂಭವ ಶೇ. 69 ಇಳಿಯುತ್ತದೆ. ಚಟಕ್ಕೆ ಸಿಲುಕಿದ ಮಗನಿಗೆ ಬೈಗುಳಕ್ಕಿಂತ ನೆರವು ಬೇಕು. ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇನ್ನೊಂದು ಉಪಾಯ ಸಾರಿಗೆಯವರ ಕೈಯಲ್ಲಿದೆ. ಸಂಜೆ ಗುಬ್ಬಿಗೂ ಕುಣಿಗಲ್‌ಗೂ ಹೊತ್ತಿಗೆ ಸರಿಯಾಗಿ ಬಸ್ ಸಿಕ್ಕರೆ, ಗೆಳೆಯನ ಬೈಕಿಗೆ ಮೂರನೆಯವನಾಗಿ ಹತ್ತುವ ಪ್ರಮೇಯ ಎಷ್ಟೋ ಹುಡುಗರಿಗೆ ಬರುವುದಿಲ್ಲ.